ನಡೆದು ಓದಬೇಕಾದ ಜಿಲ್ಲೆ

ಸಾಹಿತ್ಯವೆಂದರೆ ಓದು ಬಲ್ಲವರ, ಬಿಡುವುಳ್ಳವರ ಸೊತ್ತು ಎಂಬ ಮಾತು ನಮ್ಮ ಪೇಟೆಯ ಅಂಗಡಿಗಳಲ್ಲೂ ಗಿರಣಿಯ ಗೇಟಿನ ಮುಂದೆಯೂ ಇಂದಿಗೂ ಕೇಳಿಬರುತ್ತದೆ. ಹೇಳುವವರು ಬೇರೆ ಯಾರೋ ಅಲ್ಲ, ನಮ್ಮವರೇ. ಎಂಟು ಗಂಟೆ ಯಂತ್ರದ ಮುಂದೆ ನಿಂತು ಬಂದವನಿಗೆ, ಬೆಳಗಿನಿಂದ ರಾತ್ರಿಯವರೆಗೆ ತಕ್ಕಡಿ ಹಿಡಿದು ಕುಳಿತವನಿಗೆ, ಕವಿ ಯಾರಾದರೇನು, ಕಾದಂಬರಿಕಾರ ಎಲ್ಲಿ ಹುಟ್ಟಿದರೇನು ಎಂದು ಅವರು ಕೇಳುತ್ತಾರೆ. ಕೇಳುವುದು ತಪ್ಪಲ್ಲ. ಆದರೆ ಕುಳಿತಲ್ಲೇ ಹುಡುಕಿದರೆ ಈ ಪ್ರಶ್ನೆಗೆ ಉತ್ತರ ಸಿಕ್ಕುವುದಿಲ್ಲವೆಂಬುದು ನಮ್ಮ ಅಭಿಪ್ರಾಯ. ಎದ್ದು ನಡೆಯಬೇಕು.

ಕಳೆದ ಕೆಲವು ಭಾನುವಾರಗಳನ್ನು ನಾವೂ ನಮ್ಮ ಗೆಳೆಯರೂ ಹೀಗೆ ನಡೆದೇ ಕಳೆದೆವು. ಕಾಫಿ ಕ್ಯೂರಿಂಗ್ ವರ್ಕ್ಸಿನಲ್ಲಿ ಬೀಜ ಆರಿಸುವ ಇಬ್ಬರು ಅಕ್ಕಂದಿರು, ಬಟ್ಟೆ ಗಿರಣಿಯ ಒಬ್ಬ ಫಿಟ್ಟರು, ಒಬ್ಬ ದರ್ಜಿ, ಒಬ್ಬರು ದಿನಸಿ ಅಂಗಡಿಯವರು, ಒಬ್ಬರು ಬಳೆ ಅಂಗಡಿಯವರು, ನಿವೃತ್ತರಾದ ಒಬ್ಬ ಮೇಷ್ಟರು: ಇಷ್ಟು ಜನ. ಊರಿಂದ ಊರಿಗೆ ಬಸ್ಸು, ಊರೊಳಗೆ ಕಾಲು. ೨೦೨೩ರ ಜೂನ್ ತಿಂಗಳಿನಿಂದ ಸರ್ಕಾರದ ಸಾಮಾನ್ಯ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೇಟಿನ ದುಡ್ಡಿಲ್ಲವಷ್ಟೆ. ಅಕ್ಕಂದಿರ ಖರ್ಚು ನಮಗಿಂತ ಕಡಿಮೆಯಾಯಿತು, ಅದನ್ನು ಅವರು ಆಗಾಗ್ಗೆ ನಮಗೆ ನೆನಪಿಸಿದರು ಕೂಡ. ನಮ್ಮಲ್ಲಿದ್ದದ್ದು ಒಂದೇ ಕಟ್ಟುಪಾಡು. ಯಾವ ಊರಿಗೆ ಹೋದರೂ ಆ ಊರಿಗೆ ಸಂಬಂಧಪಟ್ಟ ಒಂದು ಪುಸ್ತಕ ಕೈಯಲ್ಲಿರಬೇಕು. ಅಲ್ಲೇ ಯಾವುದಾದರೊಂದು ಕಟ್ಟೆಯ ಮೇಲೆ ಕುಳಿತು ಎರಡು ಪುಟವನ್ನಾದರೂ ಗಟ್ಟಿಯಾಗಿ ಓದಬೇಕು.

ಇದೇನೂ ಲೋಕದಲ್ಲಿಲ್ಲದ ಹುಚ್ಚಲ್ಲ. ಐರ್ಲೆಂಡಿನ ಜೇಮ್ಸ್ ಜಾಯ್ಸ್ ಬರೆದ ‘ಯುಲಿಸಿಸ್’ ಕಾದಂಬರಿಯ ಕಥೆ ಡಬ್ಲಿನ್ ನಗರದಲ್ಲಿ ೧೯೦೪ರ ಜೂನ್ ೧೬ರಂದು ನಡೆಯುತ್ತದೆ. ೧೯೫೪ರಲ್ಲಿ ಅದೇ ದಿನ ಅಲ್ಲಿನ ಕೆಲವು ಲೇಖಕರು ಆ ಕಥೆಯ ಜಾಡು ಹಿಡಿದು ಊರು ಸುತ್ತಲು ಕುದುರೆಗಾಡಿ ಹತ್ತಿ ಹೊರಟರು. ಅರ್ಧ ದಾರಿಯಲ್ಲೇ ಹೆಂಡದಂಗಡಿ ಸೇರಿ ಅಲ್ಲಿಯೇ ಕುಳಿತುಬಿಟ್ಟರು. ಈಗ ಆ ದಿನ ಆ ನಗರಕ್ಕೆ ಹಬ್ಬ. ಲಂಡನ್ನಿನಲ್ಲಿ ದೊಡ್ಡವರು ಬಾಳಿದ ಮನೆಗಳಿಗೆ ಫಲಕ ಹಾಕುವ ಪದ್ಧತಿ ೧೮೬೭ರಿಂದ ಇದೆ. ಮೊದಲ ಫಲಕ ಬಿದ್ದದ್ದು ಕವಿ ಬೈರನ್ ಹುಟ್ಟಿದ ಮನೆಗೆ. ಇಪ್ಪತ್ತೆರಡು ವರ್ಷದಲ್ಲಿ ಆ ಮನೆಯನ್ನೇ ಕೆಡವಿಹಾಕಿದರು! ಫಲಕವೊಂದೇ ಮನೆಯನ್ನು ಉಳಿಸುವುದಿಲ್ಲ ಎಂಬುದನ್ನು ನಮ್ಮ ಪುರಪಿತೃಗಳು ಗಮನಿಸಬೇಕು. ನಮ್ಮ ನಾಡಿನಲ್ಲೇ ಕುಪ್ಪಳ್ಳಿಯ ಕವಿಮನೆಗೆ ಜನ ಹೋಗುತ್ತಾರೆ, ಧಾರವಾಡದ ಸಾಧನಕೇರಿಗೆ ಹೋಗುತ್ತಾರೆ. ಹಾಸನ ಜಿಲ್ಲೆಗೆ ಬರುವವರೋ ಬೇಲೂರು ಹಳೇಬೀಡಿನ ಕಲ್ಲು ನೋಡಿ, ಫೋಟೋ ತೆಗೆದುಕೊಂಡು ಹೊರಟುಹೋಗುತ್ತಾರೆ. ಹಾಸನದಲ್ಲಿ ಊಟ ಮಾಡುತ್ತಾರೆ, ಅಷ್ಟೆ.

ಆದ್ದರಿಂದ ಹಾಸನದಿಂದಲೇ ಆರಂಭಿಸಿದೆವು. ೧೯೦೮ರಲ್ಲಿ ಈ ಊರಿನಲ್ಲಿ ರಾಜಾರಾವ್ ಎಂಬ ಲೇಖಕರು ಹುಟ್ಟಿದರು. ನಮ್ಮ ಗುಂಪಿನಲ್ಲಿ ಮೇಷ್ಟರನ್ನು ಬಿಟ್ಟರೆ ಆ ಹೆಸರು ಕೇಳಿದವರಿರಲಿಲ್ಲ. ಅದರಲ್ಲಿ ಆಶ್ಚರ್ಯವೇನಿಲ್ಲ, ಅವರು ಬರೆದದ್ದು ಇಂಗ್ಲಿಷಿನಲ್ಲಿ, ಬಾಳಿದ್ದು ಹೆಚ್ಚಾಗಿ ಫ್ರಾನ್ಸಿನಲ್ಲಿ ಮತ್ತು ಅಮೆರಿಕದಲ್ಲಿ. ಆದರೆ ೧೯೩೮ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಅವರ ‘ಕಾಂತಾಪುರ’ದ ಕಥೆಯನ್ನು ಮೇಷ್ಟರು ಮಹಾರಾಜ ಪಾರ್ಕಿನ ನೆರಳಿನಲ್ಲಿ ಕುಳಿತು ಕನ್ನಡದಲ್ಲಿ ಹೇಳತೊಡಗಿದಾಗ ಯಾರೂ ಅಲುಗಾಡಲಿಲ್ಲ. ಕಥೆ ಹೇಳುವವಳು ಅಚ್ಚಕ್ಕ ಎಂಬ ಹಳ್ಳಿಯ ಅಜ್ಜಿ. ಊರಿನ ಹೊಳೆಯ ಹೆಸರು ಹಿಮವತಿ. ನಮ್ಮ ಹೇಮಾವತಿಯೇ ಎಂದು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಊರಿನ ಮೇಲಿನ ಘಟ್ಟದಲ್ಲಿ ಬಿಳಿಯ ದೊರೆಯ ಕಾಫಿ ತೋಟ. ಬರಗಾಲದ ಸೀಮೆಗಳಿಂದ ಆಸೆ ತೋರಿಸಿ ಕರೆತಂದ ಕೂಲಿಗಳು. ಊರಿಗೆ ತಿರುಗಿ ಹೋಗಲಾರದ ಅವರ ಪಾಡು. ಗಾಂಧಿಯ ಹೆಸರು ಹಿಡಿದು ಹೊರಟ ಮೂರ್ತಿ ಎಂಬ ಹುಡುಗ ಹೊಲಗೇರಿಯ ಹೊಸ್ತಿಲು ದಾಟುತ್ತಾನೆ. ಕೊನೆಯ ಪುಟಗಳಲ್ಲಿ, ಸಂಪತ್ತನ್ನು ಸಮನಾಗಿ ಹಂಚಬೇಕೆನ್ನುವವರ ಕಡೆಗೆ ಅವನ ಮನಸ್ಸು ವಾಲುತ್ತದೆ. ಕ್ಯೂರಿಂಗ್ ವರ್ಕ್ಸಿನ ಅಕ್ಕ ಒಬ್ಬರು, “ನಾವು ಆರಿಸೋ ಬೀಜ ಕುಯ್ದವರ ಕಥೆ ಇದು. ಇಷ್ಟು ದಿನ ನಮಗೆ ಯಾಕೆ ಯಾರೂ ಹೇಳಲಿಲ್ಲ ಮೇಷ್ಟ್ರೇ?” ಎಂದರು. ಮೇಷ್ಟರು ಮೂವತ್ತು ವರ್ಷ ಪಾಠ ಹೇಳಿದವರು, ತಲೆ ತಗ್ಗಿಸಿದರು.

ಅದೇ ಹಾಸನದ ಮೊಹಲ್ಲಾಗಳ ಕಥೆಯನ್ನು ಕನ್ನಡದಲ್ಲೇ ಬರೆದವರು ಬಾನು ಮುಷ್ತಾಕ್. ೧೯೪೮ರಲ್ಲಿ ಇದೇ ಊರಲ್ಲಿ ಹುಟ್ಟಿದವರು, ವಕೀಲರು, ಹಿಂದೆ ‘ಲಂಕೇಶ್ ಪತ್ರಿಕೆ’ಗೆ ವರದಿ ಬರೆದವರು, ಬಂಡಾಯ ಸಾಹಿತ್ಯದ ಬಳಗದವರು. ೨೦೨೫ರ ಮೇ ತಿಂಗಳಲ್ಲಿ ಅವರ ಕಥೆಗಳ ಇಂಗ್ಲಿಷ್ ಅನುವಾದ ‘ಹಾರ್ಟ್ ಲ್ಯಾಂಪ್’ಗೆ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದಾಗ ಊರೆಲ್ಲ ಪಟಾಕಿ ಹೊಡೆಯುವ ಉತ್ಸಾಹದಲ್ಲಿತ್ತು. ಕನ್ನಡದ ಪುಸ್ತಕಕ್ಕೆ ಆ ಪ್ರಶಸ್ತಿ ಬಂದದ್ದು ಅದೇ ಮೊದಲು. ಸಣ್ಣ ಕಥೆಗಳ ಸಂಕಲನಕ್ಕೆ ಬಂದದ್ದೂ ಅದೇ ಮೊದಲು. ಪ್ರಶಸ್ತಿಯ ೫೦,೦೦೦ ಪೌಂಡನ್ನು ಬರೆದವರಿಗೂ, ಭಾಷೆ ದಾಟಿಸಿದ ಮಡಿಕೇರಿಯ ದೀಪಾ ಭಾಸ್ತಿಯವರಿಗೂ ಸಮಪಾಲಾಗಿ ಹಂಚಿದರು. ಕೆಲಸ ಮಾಡಿದ ಇಬ್ಬರಿಗೂ ಸಮಪಾಲು! ನಮ್ಮ ಫಿಟ್ಟರ್ ಗೆಳೆಯರು ಈ ವಿಷಯವನ್ನು ಎರಡೆರಡು ಬಾರಿ ಕೇಳಿ ಖಾತ್ರಿ ಮಾಡಿಕೊಂಡರು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಮೈಸೂರು ದಸರೆಯನ್ನು ಅವರು ಉದ್ಘಾಟಿಸಬಾರದೆಂದು ತಕರಾರೆತ್ತಿದವರೂ ಇದ್ದರು. ನ್ಯಾಯಾಲಯಗಳು ಆ ತಕರಾರನ್ನು ತಳ್ಳಿಹಾಕಿದವು. ೨೨ರಂದು ಅವರು ದೀಪ ಬೆಳಗಿದರು. ಅದಕ್ಕೂ ಮುನ್ನ, ೨೦೦೦ದಲ್ಲಿ, ಹೆಂಗಸರಿಗೆ ಮಸೀದಿಯೊಳಗೆ ಹೋಗುವ ಹಕ್ಕಿದೆ ಎಂದದ್ದಕ್ಕೆ ಅವರಿಗೆ ಬಹಿಷ್ಕಾರವೂ ಆಗಿತ್ತು. ಎರಡು ಕಡೆಯಿಂದಲೂ ಕಲ್ಲು ಬೀಳುವವರು ಸಾಮಾನ್ಯವಾಗಿ ನಡುಬೀದಿಯಲ್ಲಿ ನೆಟ್ಟಗೆ ನಡೆಯುವವರೇ ಆಗಿರುತ್ತಾರೆ.

ಇಲ್ಲಿ ಒಂದು ಮಾತು ಹೇಳಬೇಕು. ಬದುಕಿರುವ ಲೇಖಕರ ಮನೆಯ ಮುಂದೆ ಗುಂಪು ಕಟ್ಟಿಕೊಂಡು ನಿಲ್ಲುವುದು ಸಾಹಿತ್ಯಪ್ರೇಮವಲ್ಲ. ನಾವು ಅವರ ಮನೆ ಹುಡುಕಲಿಲ್ಲ. ಕಟ್ಟಿನಕೆರೆ ಮಾರುಕಟ್ಟೆಯ ಹಿಂದಿನ ಸಂದುಗೊಂದುಗಳಲ್ಲಿ ಸುತ್ತಿದೆವು, ಒಂದು ಚಹದಂಗಡಿಯ ಬೆಂಚಿನ ಮೇಲೆ ಅವರ ಒಂದು ಕಥೆಯನ್ನು ಓದಿದೆವು. ದರ್ಜಿ ಗೆಳೆಯರು ಓದಿದರು. ಅಂಗಡಿಯಾತ ಚಹ ಸೋಸುವುದನ್ನು ನಿಲ್ಲಿಸಿ ಕೇಳಿದ.

ಹಾಸನದಿಂದ ಅರಕಲಗೂಡಿನ ದಾರಿಯಲ್ಲಿ ಗೊರೂರು. ಗೊರೂರು ರಾಮಸ್ವಾಮಿ ಅಯ್ಯಂಗಾರರು ೧೯೦೪ರಲ್ಲಿ ಹುಟ್ಟಿದ ಊರು. ‘ಹಳ್ಳಿಯ ಚಿತ್ರಗಳು’ ಓದದವರೂ ಅವರ ಕಥೆಯಿಂದಾದ, ೧೯೭೪ರ ‘ಭೂತಯ್ಯನ ಮಗ ಅಯ್ಯು’ ಸಿನಿಮಾವನ್ನಂತೂ ನೋಡಿಯೇ ಇರುತ್ತಾರೆ. ಸಾಲ ಕೊಟ್ಟವನಿಗೂ ಸಾಲ ತಂದವನಿಗೂ ನಡುವಿನ ಹಗೆ ಏನೆಂಬುದನ್ನು ಆ ಚಿತ್ರದಷ್ಟು ಚೆನ್ನಾಗಿ ನಮ್ಮ ಭಾಷಣಕಾರರು ಯಾರೂ ಹೇಳಿದ್ದಿಲ್ಲ. ಗೊರೂರರ ಹೊಳೆಯ ದಂಡೆ ಇಂದು ಅವರು ಬರೆದ ದಂಡೆಯಲ್ಲ. ೧೯೭೯ರಲ್ಲಿ ಹೇಮಾವತಿಗೆ ಅಣೆಕಟ್ಟು ಎದ್ದಿತು. ಕೆಳಗಿನ ಸೀಮೆಗಳಿಗೆ ನೀರು ಬಂತು, ಮೇಲಿನ ಎಷ್ಟೋ ಹಳ್ಳಿಗಳು ನೀರಿಗೆ ಹೋದವು. ಎರಡೂ ನಿಜ. ಮುಳುಗಿದ ಹಳ್ಳಿಗಳ ಗೋಮಾಳ, ಒಕ್ಕಲು, ಜಗಳ, ಜಾತ್ರೆಗಳು ಹೇಗಿದ್ದವು ಎಂದು ಮುಂದಿನವರು ತಿಳಿಯಬೇಕಾದರೆ ಸರ್ಕಾರದ ಪರಿಹಾರದ ಪಟ್ಟಿಯಿಂದ ಆಗದು. ಈ ಹಾಸ್ಯಗಾರರ ಪುಸ್ತಕಗಳನ್ನೇ ತೆರೆಯಬೇಕು. ‘ಅಮೆರಿಕದಲ್ಲಿ ಗೊರೂರು’ ಪುಸ್ತಕಕ್ಕೆ ೧೯೮೦ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಹುಮಾನ ಬಂತು. ಅಮೆರಿಕಕ್ಕೆ ಹೋದರೂ ಪುಸ್ತಕದ ಹೆಸರಿನಲ್ಲಿ ಊರನ್ನು ಬಿಟ್ಟುಕೊಡಲಿಲ್ಲ, ನೋಡಿ.

ಊರನ್ನು ಹೆಸರಿನಲ್ಲಿ ಹೊತ್ತು ತಿರುಗಿದ ಇನ್ನೊಬ್ಬರು ಅರಕಲಗೂಡಿನ ಕಡೆಯವರು. ಅನಕೃ ಎಂಬ ಮೂರಕ್ಷರದ ಮೊದಲ ಅಕ್ಷರವೇ ಅರಕಲಗೂಡು: ಅರಕಲಗೂಡು ನರಸಿಂಗರಾಯರ ಮಗ ಕೃಷ್ಣರಾಯರು. ಹುಟ್ಟಿದ್ದು ೧೯೦೮ರಲ್ಲಿ, ಕೋಲಾರದಲ್ಲಿ. ಆದರೂ ನೂರಕ್ಕೂ ಹೆಚ್ಚು ಕಾದಂಬರಿಗಳ ಮುಖಪುಟದ ಮೇಲೆ ಹಿರಿಯರ ಊರು ಒಂದಕ್ಷರವಾಗಿ ಕುಳಿತಿದೆ. ಅರಕಲಗೂಡಿನ ಪೇಟೆಬೀದಿಯಲ್ಲಿ ನಡೆಯುವಾಗ ನಮ್ಮ ದಿನಸಿ ಅಂಗಡಿಯ ಯಜಮಾನರು ಒಂದು ಸಂಗತಿ ಹೇಳಿದರು. ಅವರ ತಂದೆ ಶಾಲೆಯ ಮೆಟ್ಟಿಲು ಹೆಚ್ಚು ಹತ್ತಿದವರಲ್ಲ. ಅಂಗಡಿಯ ಗಲ್ಲಾಪೆಟ್ಟಿಗೆಯ ಕೆಳಗೆ ಅನಕೃ ಅವರ ಕಾದಂಬರಿಯೊಂದು ಯಾವಾಗಲೂ ಇರುತ್ತಿತ್ತು. ಗಿರಾಕಿ ಬಂದರೆ ಪುಟದೊಳಗೆ ಒಣಮೆಣಸಿನಕಾಯಿಯ ತೊಟ್ಟಿಟ್ಟು ಮುಚ್ಚುತ್ತಿದ್ದರಂತೆ. ಪಂಡಿತರು ಅನಕೃ ಅವರನ್ನು ತೂಗಿ ನೋಡಿ ಏನಾದರೂ ಹೇಳಲಿ. ಪ್ರಗತಿಶೀಲ ಚಳವಳಿಯ ಮುಂದಾಳಾಗಿ, ಸಾಹಿತ್ಯ ಜನಸಾಮಾನ್ಯರ ಬಾಳನ್ನು ಮುಟ್ಟಬೇಕೆಂದು ಸಾರಿ, ಅಂಗಡಿಯ ಗಲ್ಲಾದವರೆಗೆ ಕನ್ನಡ ಪುಸ್ತಕವನ್ನು ತಂದಿಟ್ಟವರಲ್ಲಿ ಅವರು ಮುಖ್ಯರು. ಆ ಕೆಲಸವನ್ನು ಅಲ್ಲಗಳೆಯುವುದು ಸಾಧ್ಯವಿಲ್ಲ.

ಅರಕಲಗೂಡು ತಾಲ್ಲೂಕಿನಲ್ಲೇ ಕಾವೇರಿಯ ದಂಡೆಯ ಮೇಲೆ ರುದ್ರಪಟ್ಟಣವಿದೆ. ಸಂಗೀತಗಾರರ ಊರೆಂದು ಅದಕ್ಕೆ ಹೆಸರು, ಆರ್. ಕೆ. ಶ್ರೀಕಂಠನ್ ಅವರು ೧೯೨೦ರಲ್ಲಿ ಹುಟ್ಟಿದ್ದು ಅಲ್ಲೇ. ಆದರೆ ನಾವು ಹೋದದ್ದು ಇನ್ನೊಬ್ಬರಿಗಾಗಿ. ೧೮೬೮ರಲ್ಲಿ ಅಲ್ಲಿ ಹುಟ್ಟಿದ ಶಾಮಶಾಸ್ತ್ರಿಗಳು ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ಗ್ರಂಥಪಾಲರಾಗಿದ್ದರು. ೧೯೦೫ರಲ್ಲಿ ತಂಜಾವೂರು ಸೀಮೆಯ ಪಂಡಿತನೊಬ್ಬ ತಂದುಕೊಟ್ಟ ಓಲೆಗರಿಯ ಕಟ್ಟೊಂದನ್ನು ಬಿಚ್ಚಿ ಓದಿ, ಇದು ಹೆಸರಷ್ಟೇ ಉಳಿದು ಗ್ರಂಥ ಕಳೆದುಹೋಯಿತೆಂದುಕೊಂಡಿದ್ದ ಕೌಟಿಲ್ಯನ ‘ಅರ್ಥಶಾಸ್ತ್ರ’ ಎಂದು ಗುರುತಿಸಿದರು. ೧೯೦೯ರಲ್ಲಿ ಅದನ್ನು ಅಚ್ಚು ಹಾಕಿಸಿದರು. ೧೯೧೫ರಲ್ಲಿ ಇಂಗ್ಲಿಷಿಗೆ ತಂದರು. ಹಿಂದೂ ದೇಶದವರಿಗೆ ರಾಜ್ಯಭಾರದ ಲೆಕ್ಕಾಚಾರವೇ ತಿಳಿಯದೆಂದು ನುಡಿಯುತ್ತಿದ್ದ ದೊರೆಗಳ ಬಾಯಿಗೆ ರುದ್ರಪಟ್ಟಣದ ಬಡ ಶಾಸ್ತ್ರಿಯೊಬ್ಬರು ಹೀಗೆ ಬೀಗ ಹಾಕಿದರು.

ಹೊಳೆಯ ಸೋಪಾನದ ಮೇಲೆ ಕುಳಿತು ಆ ಗ್ರಂಥದ ಎರಡು ಭಾಗಗಳನ್ನು ಓದಿಸಿದೆವು. ನೇಯ್ಗೆಯ ಅಧ್ಯಕ್ಷನ ಅಧ್ಯಾಯ ಗಿರಣಿಯವರ ಪಾಲಿಗೆ, ತೂಕ ಅಳತೆಯ ಅಧ್ಯಾಯ ಅಂಗಡಿಯವರ ಪಾಲಿಗೆ. ನೂಲು ನಯವೋ ಒರಟೋ ಮಧ್ಯಮವೋ ನೋಡಿ ಕೂಲಿ ಗೊತ್ತುಮಾಡಬೇಕು. ಕೂಲಿ ಕೊಡುವ ಹೊತ್ತು ಮೀರಿಸಿದ ಅಧಿಕಾರಿಗೆ ದಂಡ. ಇದನ್ನು ಕೇಳಿ ಫಿಟ್ಟರು ಚಪ್ಪಾಳೆ ತಟ್ಟಿದರು. ಮುಂದಿನ ಮಾತು ಕೇಳಿ ಕೈ ಕೆಳಗಿಟ್ಟರು: ಕೂಲಿ ತೆಗೆದುಕೊಂಡೂ ನೂಲದ ಹೆಂಗಸಿಗೆ ಹೆಬ್ಬೆರಳಿನ ಶಿಕ್ಷೆ. ಅಧಿಕಾರಿಗೆ ಹಣದ ದಂಡ, ಕೂಲಿಯವಳಿಗೆ ಅಂಗಚ್ಛೇದ! ಹಿಂದಿನದೆಲ್ಲ ಹೊನ್ನೆಂದು ನಂಬಿರುವವರು ಈ ಅಧ್ಯಾಯವನ್ನು ಒಮ್ಮೆ ಓದಬೇಕು. ಹಿಂದಿನದೆಲ್ಲ ಮಣ್ಣೆನ್ನುವವರೂ ಓದಬೇಕು. ತಕ್ಕಡಿ ಬಟ್ಟುಗಳಿಗೆ ನಾಲ್ಕು ತಿಂಗಳಿಗೊಮ್ಮೆ ಮುದ್ರೆ ಹಾಕಿಸಬೇಕೆಂಬ ನಿಯಮ ಬಂದಾಗ ಅಂಗಡಿಯವರಿಬ್ಬರೂ ಮುಖ ಮುಖ ನೋಡಿಕೊಂಡರು. “ಆಗಲೂ ಇನ್‌ಸ್ಪೆಕ್ಟರು ಇದ್ದ ಅನ್ನಿ” ಎಂದರು ಬಳೆ ಅಂಗಡಿಯವರು. ಅವರಿಗೆ ತಕ್ಕಡಿಯ ಕಾಟವಿಲ್ಲ.

ಆ ಊರಿನ ಬೀದಿಯಲ್ಲಿ ಹಿಂದಿರುಗುವಾಗ ದರ್ಜಿ ಗೆಳೆಯರು ಸ್ವಲ್ಪ ಹಿಂದುಳಿದರು. ಕಾಲು ನೋವೇನೋ ಎಂದುಕೊಂಡೆವು. “ನಮ್ಮ ತಾತ ಇಂಥ ಬೀದೀಲಿ ಹೋಗಬೇಕಾದ್ರೆ ಚಪ್ಪಲಿ ಕೈಲಿ ಹಿಡ್ಕೊಂಡು ಹೋಗ್ತಿದ್ದರಂತೆ. ಅದೂ ಕೆಲಸ ಇದ್ದರೆ ಮಾತ್ರ” ಎಂದರು. ಅವರು ಹೇಳಿದ್ದು ಅಷ್ಟೇ. ಸಾಹಿತ್ಯದ ಸ್ಥಳಗಳನ್ನು ನಡೆದು ನೋಡುವುದೆಂಬ ಈ ಹಗುರವಾದ ಹವ್ಯಾಸವೂ ನಮ್ಮಲ್ಲಿ ಅನೇಕರಿಗೆ ಹೋರಾಡಿ ಪಡೆದ ಹಕ್ಕು ಎಂಬುದನ್ನು ನಾವು ಮರೆಯಲಾಗದು. ಆದ್ದರಿಂದಲೇ ಇಂಥ ನಡಿಗೆ ಅಗ್ರಹಾರದಿಂದ ಹೊರಟು ಅಗ್ರಹಾರಕ್ಕೇ ಮುಗಿಯಬಾರದು. ಪ್ರತಿ ಊರಿನಲ್ಲೂ ಕೇರಿಯನ್ನು ಹಾದೇ ಹೋಗಬೇಕು.

ಹೊಳೆನರಸೀಪುರದ ಹೆಸರು ಹೇಳಿದರೆ ಜನಕ್ಕೆ ನೆನಪಾಗುವುದು ರಾಜಕಾರಣ. ಅದು ಇರಲಿ, ಅದರ ವಿಷಯ ಬೇಕಾದಷ್ಟು ಅಚ್ಚಾಗಿದೆ. ಹೇಮಾವತಿಯ ದಂಡೆಯ ಆ ಊರಿನಲ್ಲಿ ನಾವು ನೋಡಬೇಕೆಂದದ್ದು ಅಧ್ಯಾತ್ಮ ಪ್ರಕಾಶ ಕಾರ್ಯಾಲಯ. ಎಲ್ಲಂಬಳಸೆ ಸುಬ್ಬರಾಯ ಶರ್ಮರು, ಮುಂದೆ ಸನ್ಯಾಸಿಯಾಗಿ ಸಚ್ಚಿದಾನಂದೇಂದ್ರ ಸರಸ್ವತಿಗಳೆನಿಸಿದವರು, ೧೯೨೦ರಲ್ಲಿ ಆರಂಭಿಸಿದ ಸಂಸ್ಥೆ ೧೯೩೭ರಲ್ಲಿ ಈ ಊರಿಗೆ ಬಂದು ನೆಲೆಸಿತು. ಶಂಕರರ ಭಾಷ್ಯಗಳನ್ನು ಕನ್ನಡಕ್ಕೆ ತಂದು, ಒಟ್ಟಿನಲ್ಲಿ ಇನ್ನೂರರಷ್ಟು ಪುಸ್ತಕ ಬರೆದು ಪ್ರಕಟಿಸಿದರು ಆ ಹಿರಿಯರು, ೧೯೭೫ರಲ್ಲಿ ತೀರಿಕೊಂಡರು. ವೇದಾಂತ ನಮ್ಮ ಪತ್ರಿಕೆಯ ವಿಷಯವಲ್ಲ. ಆದರೆ ಒಂದು ಸಣ್ಣ ಪಟ್ಟಣದಲ್ಲಿ ಕುಳಿತು ಬರೆದು, ಅಚ್ಚು ಹಾಕಿಸಿ, ಹೊಲಿಸಿ, ಅಂಚೆಗೆ ಹಾಕಿ ದಶಕಗಟ್ಟಲೆ ಪುಸ್ತಕಗಳನ್ನು ನಾಡಿಗೆ ಕಳಿಸುವುದೆಂದರೆ ಏನೆಂಬುದು ವಾರವಾರವೂ ಕಾಗದದ ಬಿಲ್ಲಿಗೆ ಪರದಾಡುವ ನಮಗೆ ಗೊತ್ತು. ಆ ಲೆಕ್ಕದಲ್ಲಿ ಅದು ನಮಗೂ ಯಾತ್ರಾಸ್ಥಳವೇ.

ಕೊನೆಯ ಎರಡು ಭಾನುವಾರಗಳು ಚನ್ನರಾಯಪಟ್ಟಣದ ಪಾಲಾದವು. ಇನ್ನೆರಡು ಇದ್ದಿದ್ದರೂ ಸಾಲುತ್ತಿರಲಿಲ್ಲ. ಶ್ರವಣಬೆಳಗೊಳ ಆ ತಾಲ್ಲೂಕಿನದು. ಬೆಳಗೊಳವೊಂದರಲ್ಲೇ ಎಣಿಸಿ ಪ್ರಕಟಿಸಿರುವ ಶಾಸನಗಳು ೫೭೩. ಕಲ್ಲಿನ ಮೇಲೆ ಇಷ್ಟು ಬರೆವಣಿಗೆ ಇರುವ ಊರು ಎಲ್ಲೆಲ್ಲೂ ಸಿಕ್ಕುವುದಿಲ್ಲ. ದೊಡ್ಡಬೆಟ್ಟದ ಮೇಲೆ, ೯೮೧ರ ಸುಮಾರಿಗೆ ನಿಂತ ಗೊಮ್ಮಟನ ಪಾದದ ಬಳಿ, ಇದನ್ನು ಮಾಡಿಸಿದವನು ಚಾವುಂಡರಾಯ ಎಂದು ಕನ್ನಡ, ತಮಿಳು, ಮರಾಠಿಗಳಲ್ಲಿ ಕೊರೆದಿದೆ. ಚಾವುಂಡರಾಯ ಗಂಗರ ಮಂತ್ರಿ, ಸೇನಾಪತಿ. ಸ್ವತಃ ಕನ್ನಡ ಗದ್ಯದಲ್ಲಿ ಪುರಾಣ ಬರೆದವನು. ಅವನ ದೊಡ್ಡತನವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಬರಿಗಾಲಿನಲ್ಲಿ ಮೆಟ್ಟಿಲೇರಿ ಬೆವರೊರೆಸಿಕೊಳ್ಳುತ್ತಿದ್ದ ಫಿಟ್ಟರು ಕೇಳಿದ ಪ್ರಶ್ನೆ ಸರಿಯಾದದ್ದು: “ಮಾಡಿಸಿದವನ ಹೆಸರಿದೆ, ಮಾಡಿದವನದೆಲ್ಲಿ?” ಐವತ್ತೇಳು ಅಡಿಯ ಬಂಡೆಯನ್ನು ಬಿಡಿಸಿ, ಆ ತುಟಿಯ ಅಂಚಿಗೆ ನಗು ತಂದ ಕೈಗಳ ಹೆಸರು ಪಾದದ ಬಳಿ ಇಲ್ಲ.

ಎದುರಿನ ಚಿಕ್ಕಬೆಟ್ಟಕ್ಕೆ ಬಂದವರು ಕಡಿಮೆ. ಅಲ್ಲಿಯ ಬಂಡೆಯ ಮೇಲೆ ‘ಕವಿರತ್ನ’ ಎಂಬ ಹೆಸರು ಕೊರೆದಿದೆ. ಅದು ರನ್ನನ ಹೆಸರೆಂದು ಪಂಡಿತರು ಓದಿದ್ದಾರೆ. ರನ್ನ ಮುಧೋಳದ ಬಳೆಗಾರರ ಮನೆಯ ಹುಡುಗ. ವಿದ್ಯೆ ಬೇಕೆಂದು ಊರು ಬಿಟ್ಟು, ನಾಡಿನ ಆ ತುದಿಯಿಂದ ಈ ತುದಿಗೆ ಬಂದು ಚಾವುಂಡರಾಯನ ಆಶ್ರಯದಲ್ಲಿ ಓದಿದ. ಮುಂದೆ ಕನ್ನಡದ ರತ್ನತ್ರಯರಲ್ಲಿ ಒಬ್ಬನಾದ. ಇದನ್ನು ಮೇಷ್ಟರು ಹೇಳಿ ಮುಗಿಸುವ ಹೊತ್ತಿಗೆ ನಮ್ಮ ಬಳೆ ಅಂಗಡಿಯವರು ಆ ಬಂಡೆಯ ಪಕ್ಕದಲ್ಲಿ ಕುಳಿತುಬಿಟ್ಟಿದ್ದರು. ನಲವತ್ತು ವರ್ಷದಿಂದ ಜಾತ್ರೆ ಜಾತ್ರೆಗೆ ಬಳೆಯ ಮಲಾರ ಹೊತ್ತವರು. ಬೆಳಗೊಳಕ್ಕೂ ಎಷ್ಟೋ ಸಲ ವ್ಯಾಪಾರಕ್ಕೆ ಬಂದವರು. “ನಮ್ಮೋನು ಇಲ್ಲೇ ಇದ್ದ, ನಾನು ಕೆಳಗಡೆಯೇ ಅಂಗಡಿ ಹಾಕ್ಕೊಂಡು ಹೋಗ್ತಿದ್ದೆ” ಎಂದರು. ಸಾಹಿತ್ಯ ಬಿಡುವುಳ್ಳವರ ಸೊತ್ತೆನ್ನುವವರನ್ನು ಆ ಬಂಡೆಯ ಬಳಿಗೆ ಕರೆದೊಯ್ಯಬೇಕು. ೨೦೧೫ರಲ್ಲಿ ಇದೇ ಬೆಳಗೊಳದಲ್ಲಿ ೮೧ನೆಯ ಕನ್ನಡ ಸಾಹಿತ್ಯ ಸಮ್ಮೇಳನ ನಡೆದಾಗ ಅಧ್ಯಕ್ಷ ಪೀಠದಲ್ಲಿದ್ದವರು ‘ಊರುಕೇರಿ’ ಬರೆದ ಸಿದ್ದಲಿಂಗಯ್ಯನವರು. ಬಳೆಗಾರನ ಮಗನಿಗೆ ಒದಗಿದ ಕಲ್ಲು ಕೇರಿಯ ಮಗನಿಗೆ ವೇದಿಕೆಯಾಗಿ ಒದಗಲು ಸಾವಿರ ವರ್ಷ ಹಿಡಿಯಿತು.

ಫಿಟ್ಟರ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ತಿಪಟೂರಿನ ದಾರಿಯಲ್ಲಿರುವ ನುಗ್ಗೇಹಳ್ಳಿಯಲ್ಲಿ. ೧೨೪೬ರಲ್ಲಿ ಹೊಯ್ಸಳರ ದಂಡನಾಯಕನೊಬ್ಬ ಕಟ್ಟಿಸಿದ ಲಕ್ಷ್ಮೀನರಸಿಂಹ ದೇವಾಲಯದ ಗೋಡೆಯ ವಿಗ್ರಹಗಳ ಕೆಳಗೆ ಮಲ್ಲಿತಮ್ಮ, ಬೈಚೋಜ ಎಂದು ಕೆತ್ತಿದವರು ತಮ್ಮ ಹೆಸರನ್ನೇ ಕೊರೆದಿದ್ದಾರೆ. ಒಂದು ಮಗ್ಗುಲಲ್ಲಿ ಒಬ್ಬನ ಕೆಲಸ, ಇನ್ನೊಂದು ಮಗ್ಗುಲಲ್ಲಿ ಇನ್ನೊಬ್ಬನದು. ಕೂಲಿ ಪಡೆದು ಕೆಲಸ ಮಾಡಿದವರು ಕೆಲಸದ ಮೇಲೆ ರುಜು ಹಾಕಿದ್ದಾರೆ. ನಮ್ಮ ಗುಂಪಿನವರು ಎಲ್ಲಕ್ಕಿಂತ ಹೆಚ್ಚು ಹೊತ್ತು ನಿಂತದ್ದು ಈ ಗೋಡೆಯ ಮುಂದೆ. ಅಕ್ಷರ ಓದಲು ಬಾರದಿದ್ದರೂ ಒಬ್ಬೊಬ್ಬರೂ ಆ ಹೆಸರಿನ ಮೇಲೆ ಬೆರಳಾಡಿಸಿದರು.

ಅದೇ ಸೀಮೆಯ ಸಂತೇಶಿವರದಲ್ಲಿ ೧೯೩೧ರಲ್ಲಿ ಹುಟ್ಟಿದವರು ಎಸ್. ಎಲ್. ಭೈರಪ್ಪನವರು, ೨೦೨೫ರ ಸೆಪ್ಟೆಂಬರ್ ೨೪ರಂದು ತೀರಿಕೊಂಡರು. ಅವರ ವಿಚಾರಗಳಿಗೂ ನಮ್ಮ ವಿಚಾರಗಳಿಗೂ ಬಹುದೂರ. ಬದುಕಿದ್ದಾಗ ಅವರೂ ಅದನ್ನು ಮುಚ್ಚಿಡಲಿಲ್ಲ, ನಾವೂ ಮುಚ್ಚಿಡುವುದಿಲ್ಲ. ಹಾಗೆಂದು ‘ಗೃಹಭಂಗ’ವನ್ನು ಬಿಟ್ಟು ಚನ್ನರಾಯಪಟ್ಟಣದ ಹಳ್ಳಿಗಳನ್ನು ನಡೆಯುವುದು ಸಾಧ್ಯವೆ? ೧೯೭೦ರಲ್ಲಿ ಬಂದ ಆ ಕಾದಂಬರಿಯ ನಂಜಮ್ಮ, ಕೈಲಾಗದ ಗಂಡನ ಶ್ಯಾನುಭೋಗಿಕೆಯ ಲೆಕ್ಕವನ್ನು ತಾನೇ ಬರೆಯುತ್ತಾಳೆ, ಮುತ್ತುಗದ ಎಲೆ ಹಚ್ಚಿ ಮಕ್ಕಳ ಹೊಟ್ಟೆ ಹೊರೆಯುತ್ತಾಳೆ. ಖಾತೆಯಲ್ಲಿ ಹೆಸರು ಮಾತ್ರ ಗಂಡನದು. ಮಾಡಿದವರು ಒಬ್ಬರು, ಹೆಸರು ಇನ್ನೊಬ್ಬರದು ಎಂಬ ಸಂಗತಿ ದೇವಸ್ಥಾನದ ಕಲ್ಲಿನಲ್ಲಷ್ಟೇ ಅಲ್ಲ, ಅಡುಗೆಮನೆಯಲ್ಲೂ ಇದೆ. ಪ್ಲೇಗು ಮನೆ ಮನೆಗಳನ್ನು ಬರಿದು ಮಾಡಿದ ಆ ಪುಟಗಳನ್ನು ಅಕ್ಕಂದಿರಿಬ್ಬರೂ ಸರದಿಯ ಮೇಲೆ ಓದಿದರು. ಒಬ್ಬರಿಗೆ ಕೊನೆಯವರೆಗೆ ಓದಲಾಗಲಿಲ್ಲ. ಲೇಖಕರ ರಾಜಕೀಯವನ್ನು ಒಪ್ಪದಿದ್ದರೂ ಅವರ ಒಳ್ಳೆಯ ಪುಸ್ತಕವನ್ನು ಎದೆಗೆ ಹಚ್ಚಿಕೊಳ್ಳುವ ಸ್ವಾತಂತ್ರ್ಯ ಓದುಗನಿಗೆ ಇರಬೇಕು. ಇಲ್ಲದಿದ್ದರೆ ನಮ್ಮ ಕಪಾಟು ಬಹಳ ಬೇಗ ಖಾಲಿಯಾದೀತು.

ಇನ್ನು ಆಳುವವರಿಗೆ ಸಂಬಂಧಪಟ್ಟ ಮಾತು. ಈ ನಡಿಗೆಗೆ ಬೇಕಾದ ಪುಸ್ತಕಗಳಲ್ಲಿ ಅರ್ಧದಷ್ಟು ಮೇಷ್ಟರ ಮನೆಯ ಕಪಾಟಿನಿಂದ ಬಂದವು. ಮಿಕ್ಕವನ್ನು ಸಾರ್ವಜನಿಕ ವಾಚನಾಲಯಗಳಲ್ಲಿ ಕೇಳಿದೆವು. ಊರುಗಳ ಹೆಸರು ಹೇಳುವುದಿಲ್ಲ. ಒಂದು ಕಡೆ ಬಾಗಿಲಿಗೆ ಬೀಗ. ಇನ್ನೊಂದು ಕಡೆ ಪತ್ರಿಕೆಗಳಿದ್ದವು, ಕುರ್ಚಿ ಮುರಿದಿತ್ತು, ನಾವು ಕೇಳಿದ ನಾಲ್ಕು ಪುಸ್ತಕಗಳಲ್ಲಿ ಒಂದೂ ಇರಲಿಲ್ಲ. ಅಲ್ಲಿ ಕುಳಿತಿದ್ದ ನೌಕರನ ಮೇಲೆ ನಮಗೆ ಕೋಪವಿಲ್ಲ. ಸಂಬಳದ ವಿಷಯದಲ್ಲಿ ಆತನೂ ನಮ್ಮವನೇ. ಓಲೆಗರಿಯ ಕಟ್ಟು ಬಿಚ್ಚಿದ ಶಾಮಶಾಸ್ತ್ರಿಯಂಥ ಗ್ರಂಥಪಾಲರು ಹುಟ್ಟಿದ ಜಿಲ್ಲೆಯಲ್ಲಿ ಗ್ರಂಥಾಲಯ ಹೀಗಿರುವುದಕ್ಕೆ ಹಣವಿಲ್ಲವೆಂಬ ಕಾರಣವನ್ನು ಮಾತ್ರ ನಾವು ಒಪ್ಪಲಾರೆವು.

ಏಕೆಂದರೆ ಆ ಹಣ ಕೊಡುತ್ತಿರುವವರು ನಾವೇ. ೧೯೬೫ರ ಸಾರ್ವಜನಿಕ ಗ್ರಂಥಾಲಯ ಕಾಯಿದೆಯಂತೆ ಆಸ್ತಿ ತೆರಿಗೆಯ ಮೇಲೆ ನೂರಕ್ಕೆ ಆರರಂತೆ ಗ್ರಂಥಾಲಯ ಕರ ವಸೂಲಾಗುತ್ತದೆ. ಸಾವಿರ ರೂಪಾಯಿ ತೆರಿಗೆ ಕಟ್ಟುವ ಸಣ್ಣ ಅಂಗಡಿಯವನು ಪುಸ್ತಕಕ್ಕೆಂದು ೬೦ ರೂಪಾಯಿ ಕೊಡುತ್ತಾನೆ. ಬಾಡಿಗೆ ಮನೆಯ ಕಾರ್ಮಿಕನೂ ಬಾಡಿಗೆಯೊಳಗೆ ತನ್ನ ಪಾಲು ಕೊಡುತ್ತಾನೆ. ವಸೂಲು ಮಾಡಿದ ಊರಾಡಳಿತ ಇದನ್ನು ಗ್ರಂಥಾಲಯ ಪ್ರಾಧಿಕಾರಕ್ಕೆ ಕಟ್ಟಬೇಕು. ಬೆಂಗಳೂರಿನ ಮಹಾನಗರಪಾಲಿಕೆ ಈ ಬಾಬಿನಲ್ಲಿ ಕೋಟ್ಯಂತರ ರೂಪಾಯಿ ಬಾಕಿ ಉಳಿಸಿಕೊಂಡ ಸುದ್ದಿ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬಂದದ್ದುಂಟು. ನಮ್ಮ ನಾಲ್ಕು ಊರುಗಳ ಲೆಕ್ಕವೇನು? ವರ್ಷಕ್ಕೆ ಎಷ್ಟು ವಸೂಲು, ಎಷ್ಟು ಪಾವತಿ, ಅದರಲ್ಲಿ ಪುಸ್ತಕಕ್ಕೆ ಎಷ್ಟು? ಈ ಮೂರು ಅಂಕಿಗಳನ್ನು ಕಚೇರಿಯ ಹೊರಗಿನ ಹಲಗೆಯ ಮೇಲೆ ಬರೆದು ಹಾಕಲಿ. ಎರಡನೆಯ ಪಾಳಿ ಮುಗಿಸಿ ಬಂದವನಿಗಾಗಿ ವಾರದಲ್ಲಿ ಎರಡು ದಿನವಾದರೂ ವಾಚನಾಲಯ ರಾತ್ರಿ ತಡವಾಗಿ ಮುಚ್ಚಲಿ. ಈ ಜಿಲ್ಲೆಯವರು ಬರೆದ, ಈ ಜಿಲ್ಲೆಯನ್ನು ಕುರಿತ ಪುಸ್ತಕಗಳಿಗೆ ಪ್ರತಿ ತಾಲ್ಲೂಕಿನಲ್ಲಿ ಒಂದು ಕಪಾಟು ಬೇರೆ ಇರಲಿ. ವೃತ್ತಗಳಿಗೆ ಲೇಖಕರ ಹೆಸರಿಡುವ, ಪ್ರತಿಮೆ ನಿಲ್ಲಿಸುವ ಉತ್ಸಾಹವುಳ್ಳ ಮಹನೀಯರು ಇಷ್ಟಾದ ಮೇಲೆ ತಮ್ಮ ಕಾರ್ಯಕ್ರಮವನ್ನು ಆರಂಭಿಸಬಹುದು.

ಓದುಗ ಮಿತ್ರರು ತಮ್ಮ ತಮ್ಮ ಊರಿನಲ್ಲಿ ಇಂಥ ನಡಿಗೆ ಹೊರಡಬೇಕೆಂದು ನಮ್ಮ ಕೋರಿಕೆ. ಹತ್ತು ಜನಕ್ಕಿಂತ ಹೆಚ್ಚು ಬೇಡ. ಹಿಂದಿನವನಿಗೆ ಓದಿದ್ದು ಕೇಳಿಸುವುದಿಲ್ಲ. ಬುತ್ತಿ ಕಟ್ಟಿಕೊಳ್ಳಿ, ಬೆಳಗೊಳಕ್ಕಾದರೆ ಬಿಸಿಲೇರುವ ಮುನ್ನ ಬೆಟ್ಟ ಹತ್ತಿ. ಹಲ್ಮಿಡಿ, ಹಳೇಬೀಡುಗಳ ಕಡೆಯದು ಬೇರೆಯೇ ಒಂದು ಸುತ್ತು. ಅದನ್ನು ಬೇಲೂರಿನ ಗೆಳೆಯರು ವಹಿಸಿಕೊಂಡರೆ ಅವರ ವರದಿಯನ್ನು ಸಂತೋಷದಿಂದ ಅಚ್ಚು ಹಾಕುತ್ತೇವೆ. ಹೊರಡುವ ಮುನ್ನ ಮನೆಯಲ್ಲಿರುವ ಕಳೆದ ಸಾಲಿನ ತೆರಿಗೆ ರಸೀದಿಯನ್ನು ತೆಗೆದು, ಅದರಲ್ಲಿ ಗ್ರಂಥಾಲಯ ಕರವೆಂಬ ಸಾಲಿನ ಎದುರಿಗಿರುವ ಮೊತ್ತವನ್ನು ಒಂದು ಚೀಟಿಯಲ್ಲಿ ಬರೆದು ನಮ್ಮ ಕಚೇರಿಗೆ ಕಳಿಸಿ. ಬಂದ ಚೀಟಿಗಳನ್ನು ಊರುವಾರು ಕೂಡಿ ಮೊತ್ತವನ್ನು ಈ ಪುಟದಲ್ಲೇ ಪ್ರಕಟಿಸುತ್ತೇವೆ.